ಓದುಗರಿಗೆ ಪುಕ್ಕಟೆ, ಹಾಗಾದ್ರೆ ದುಡ್ಡು ಯಾರದ್ದು? ಮುಕ್ತ ವಿದ್ವತ್ ಪ್ರಕಟಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ವತ್ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಮೈಸೂರಿನಲ್ಲಿ ಮನೆಯಲ್ಲೇ ಕೂತು ಮಾಡುತ್ತೇನೆ. ಪಿಎಚ್‌ಡಿ ಮುಗಿಸಿದವರು, ಕಾಲೇಜು ಮೇಷ್ಟ್ರುಗಳು, ಲೈಬ್ರರಿಯವರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಹೇಳಿ ಗಂಟಲು ಒಣಗಿತು, ಅದಕ್ಕೆ ಬರೆದಿಟ್ಟಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಓಪನ್ ಬುಕ್ ಪಬ್ಲಿಷರ್ಸ್ ಎಂಬ ಪುಟ್ಟ ಪ್ರಕಾಶನದಿಂದ ಕೊಟ್ಟಿದ್ದೇನೆ. ನಾನು ಅವರ ಏಜೆಂಟ್ ಅಲ್ಲ. ದೂರದಿಂದ ನೋಡುತ್ತಾ ಬಂದವನು, ಅಷ್ಟೆ.

ಓಪನ್ ಆಕ್ಸೆಸ್ ಅಂದರೆ ಸುಮ್ನೆ ಪಿಡಿಎಫ್ ಹಾಕಿಬಿಡೋದಾ?

ಅಲ್ಲ. 2002ರ ಫೆಬ್ರವರಿಯಲ್ಲಿ ಓಪನ್ ಆಕ್ಸೆಸ್ ಅಂದರೇನು ಅಂತ ಹೇಳುವ ಬುಡಾಪೆಸ್ಟ್ ಘೋಷಣೆ ಹೊರಬಂತು. ಸಂಶೋಧನಾ ಬರಹವನ್ನು ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು, ನಕಲು ಮಾಡಬಹುದು, ಹಂಚಬಹುದು, ಮುದ್ರಿಸಿಕೊಳ್ಳಬಹುದು. ಬರೆದವರ ಹೆಸರು ಹೇಳಬೇಕು, ಬರಹವನ್ನು ಕೆಡಿಸಬಾರದು. ಅದರ ಸಾರ ಇಷ್ಟು. ಈ ಅನುಮತಿ ಪುಸ್ತಕದ ಒಳಪುಟದಲ್ಲೇ ಅಚ್ಚಾಗಿರಬೇಕು. ಸಾಮಾನ್ಯವಾಗಿ ಅದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಎಂಬ ಸಿದ್ಧ ಅನುಮತಿ ಪತ್ರದ ರೂಪದಲ್ಲಿ ಇರುತ್ತದೆ. ಹಾಗಾಗಿ ಪುಸ್ತಕ ಇಳಿಸಿಕೊಂಡ ಕೂಡಲೇ ನಾಲ್ಕನೇ ಪುಟ ನೋಡುವ ಅಭ್ಯಾಸ ಮಾಡಿಕೊಳ್ಳಿ. ಟೆಲಿಗ್ರಾಂ ಗ್ರೂಪಿನಲ್ಲಿ ಓಡಾಡುವ ಪಿಡಿಎಫ್ ಓಪನ್ ಆಕ್ಸೆಸ್ ಅಲ್ಲ. ಓದಲು ಸಿಗುತ್ತದೆ, ನಿಜ. ಹಕ್ಕು ಸಿಗುವುದಿಲ್ಲ.

'ಸ್ವತಂತ್ರ' ಪ್ರಕಾಶನ ಅಂತೀರಲ್ಲ, ಯಾರಿಂದ ಸ್ವತಂತ್ರ?

ದೊಡ್ಡ ವ್ಯಾಪಾರಿ ಪ್ರಕಾಶಕರಿಂದ. ಒಂದು ಮಟ್ಟಿಗೆ ದೊಡ್ಡ ವಿಶ್ವವಿದ್ಯಾಲಯಗಳ ಮುದ್ರಣಾಲಯಗಳಿಂದಲೂ.

ಓಪನ್ ಬುಕ್ ಪಬ್ಲಿಷರ್ಸ್ ಶುರುವಾದದ್ದು 2008ರಲ್ಲಿ. ಶುರು ಮಾಡಿದವರಲ್ಲಿ ರೂಪರ್ಟ್ ಗ್ಯಾಟಿ ಅರ್ಥಶಾಸ್ತ್ರದವರು, ಅಲೆಸ್ಸಾಂಡ್ರಾ ಟೋಸಿ ರಷ್ಯನ್ ಸಾಹಿತ್ಯದವರು, ವಿಲಿಯಂ ಸೇಂಟ್ ಕ್ಲೇರ್ ಇತಿಹಾಸಕಾರರು. ಅಂದರೆ ಪುಸ್ತಕ ಬರೆಯುವವರೇ ಕೂತು ಮಾಡಿಕೊಂಡ ಪ್ರಕಾಶನ. ಲಾಭ ಹಂಚಿಕೊಳ್ಳಲು ಷೇರುದಾರರಿಲ್ಲ.

ಸೇಂಟ್ ಕ್ಲೇರ್ ಅವರ ವಿಷಯ ಸ್ವಲ್ಪ ಹೇಳಲೇಬೇಕು. ಅವರು ಜೀವಮಾನವಿಡೀ ಬೆನ್ನು ಹತ್ತಿದ ಪ್ರಶ್ನೆಗಳಲ್ಲಿ ಒಂದು, ಹಳೇ ಕಾಲದಲ್ಲಿ ಜನ ನಿಜವಾಗಿ ಏನು ಓದುತ್ತಿದ್ದರು ಅನ್ನೋದು. ಪುಸ್ತಕದ ಬೆಲೆ, ಎಷ್ಟು ಪ್ರತಿ ಅಚ್ಚಾಯಿತು, ಕಾಪಿರೈಟ್ ಯಾರ ಕೈಲಿತ್ತು ಅಂತ ಪ್ರಕಾಶಕರ ಹಳೇ ಲೆಕ್ಕದ ಪುಸ್ತಕಗಳನ್ನು ಕೆದಕಿದರು. 1774ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಕಾಪಿರೈಟ್ ಶಾಶ್ವತ ಅಲ್ಲ ಎಂದು ತೀರ್ಪು ಕೊಟ್ಟಿತು. ಆಮೇಲೆ ಹಳೇ ಪುಸ್ತಕಗಳ ಅಗ್ಗದ ಮುದ್ರಣಗಳು ಬಂದವು, ಅಲ್ಲಿಯವರೆಗೆ ಪುಸ್ತಕ ಮುಟ್ಟದವರ ಮನೆಗೂ ಓದು ಹೋಯಿತು ಅಂತ ಅವರು ತೋರಿಸಿದರು. ಅದನ್ನು ಬರೆದು ಸುಮ್ಮನಾಗಬಹುದಿತ್ತು. ಬದಲಿಗೆ ಅದೇ ಪಾಠ ಹಿಡಿದು ಪ್ರಕಾಶನಕ್ಕೆ ಕೈ ಹಾಕಿದರು. 2021ರಲ್ಲಿ ತೀರಿಕೊಂಡರು.

ಇಂಥದ್ದೇ ಬೇರೆಯವೂ ಇವೆ. ಅಮೆರಿಕದಲ್ಲಿ 2011ರಲ್ಲಿ ಹುಟ್ಟಿದ ಪಂಕ್ಟಮ್ ಬುಕ್ಸ್ ಒಂದು. ಇಂಥ ಕೆಲವು ಪ್ರಕಾಶನಗಳು ಸೇರಿ 2018ರಲ್ಲಿ ಸ್ಕಾಲರ್‌ಲೆಡ್ ಎಂಬ ಕೂಟ ಕಟ್ಟಿಕೊಂಡವು.

ಸರಿ, ಪುಕ್ಕಟೆ ಕೊಡ್ತಾರೆ. ದುಡ್ಡು ಎಲ್ಲಿಂದ ಬರುತ್ತೆ?

ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಎಲ್ಲರೂ ಕೊನೆಗೆ ಕೇಳುತ್ತಾರೆ.

ಪುಸ್ತಕ ತಯಾರಾಗಲು ಖರ್ಚು ಇದ್ದೇ ಇದೆ. ಕರಡು ತಿದ್ದುವವರಿಗೆ ಕೊಡಬೇಕು (ನನಗೂ ಕರೆಂಟ್ ಬಿಲ್ ಬರುತ್ತೆ). ಪುಟ ಜೋಡಿಸಬೇಕು, ಪದಸೂಚಿ ಮಾಡಬೇಕು, ಚಿತ್ರಗಳಿಗೆ ಅನುಮತಿ ತರಬೇಕು. ಓದುಗ ಕೊಡುವುದಿಲ್ಲ ಎಂದರೆ ಇನ್ಯಾರದ್ದೋ ಜೇಬಿನಿಂದ ಬರಲೇಬೇಕು.

ದೊಡ್ಡ ಪ್ರಕಾಶಕರು ಹಿಡಿದ ದಾರಿ ಸುಲಭದ್ದು: ಲೇಖಕರಿಂದ ವಸೂಲಿ. ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಓಪನ್ ಆಕ್ಸೆಸ್ ಆಗಬೇಕಾದರೆ 9,500 ಯೂರೋ ಅಂತ 2020ರ ನವೆಂಬರ್‌ನಲ್ಲಿ ಘೋಷಿಸಿದರು. ಆಗಲೇ ಎಂಟು ಲಕ್ಷ ರೂಪಾಯಿ ದಾಟುತ್ತಿತ್ತು. ಒಂದು ಪ್ರಬಂಧಕ್ಕೆ! ಇಡೀ ಪುಸ್ತಕಕ್ಕಾದರೆ ಕೆಲವರು ಹೇಳುವ ರೇಟು 10,000 ಪೌಂಡ್ ಮೀರುವುದುಂಟು. ವಿಜ್ಞಾನದವರಿಗೆ ಯೋಜನೆಯ ಹಣದಲ್ಲಿ ಇದಕ್ಕೊಂದು ಪಾಲು ಇರಬಹುದು. ಹಳೆಗನ್ನಡ ಓದಿಸುವ ಮೇಷ್ಟ್ರು ಎಲ್ಲಿಂದ ತರಬೇಕು? ಇಲ್ಲಿ ಬಾಗಿಲು ಓದುಗನಿಗೆ ತೆರೆಯಿತು, ಬರೆಯುವವನಿಗೆ ಮುಚ್ಚಿತು. ನನ್ನ ಪ್ರಕಾರ ಇದು ಸಮಸ್ಯೆಯನ್ನು ಈ ಕೋಣೆಯಿಂದ ಆ ಕೋಣೆಗೆ ಸಾಗಿಸಿದಂತೆ.

ಓಪನ್ ಬುಕ್‌ನವರು ಲೇಖಕರು ದುಡ್ಡು ಕೊಡಲೇಬೇಕು ಅನ್ನುವುದಿಲ್ಲ. ಪಿಡಿಎಫ್ ಪುಕ್ಕಟೆ, ಮುದ್ರಿತ ಪ್ರತಿ ಬೇಕಾದರೆ ಕೊಳ್ಳಬೇಕು, ಅಲ್ಲಿಂದ ಒಂದಷ್ಟು. ಲೈಬ್ರರಿಗಳು ವರ್ಷಕ್ಕಿಷ್ಟು ಅಂತ ಸದಸ್ಯತ್ವದ ಹಣ ಕೊಡುತ್ತವೆ, ಅದು ಇನ್ನೊಂದಷ್ಟು. ಲೇಖಕರಿಗೆ ಅನುದಾನ ಇದ್ದರೆ ಅದರ ಪಾಲು. ಊರಿನ ಕೆರೆ ಹೂಳು ಎತ್ತಲು ಮನೆಗಿಷ್ಟು ಅಂತ ಕೂಡಿಸಿದ ಹಾಗೆ. ಲಂಡನ್ನಿನ ಬರ್ಕ್‌ಬೆಕ್‌ನಲ್ಲಿ ಮಾರ್ಟಿನ್ ಈವ್ ಮತ್ತು ಕ್ಯಾರೊಲಿನ್ ಎಡ್ವರ್ಡ್ಸ್ ಕಟ್ಟಿದ ಓಪನ್ ಲೈಬ್ರರಿ ಆಫ್ ಹ್ಯುಮಾನಿಟೀಸ್ ಕೂಡ ಜರ್ನಲ್‌ಗಳನ್ನು ಹೀಗೇ ನಡೆಸುತ್ತದೆ. ಓದುಗನೂ ಕೊಡಲ್ಲ, ಲೇಖಕನೂ ಕೊಡಲ್ಲ. ಇದಕ್ಕೆ ಈಗ 'ಡೈಮಂಡ್' ಅಂತ ಹೆಸರು. ಲೇಖಕರಿಂದ ದುಡ್ಡು ಕೀಳುವುದಕ್ಕೆ 'ಗೋಲ್ಡ್' ಅನ್ನುವುದು ರೂಢಿ. ಆಭರಣದಂಗಡಿಯ ಹೆಸರುಗಳು ಯಾರ ತಲೆಗೆ ಹೊಳೆದವೋ!

ರಾಯಲ್ಟಿ ಬರುತ್ತಾ?

ವಿದ್ವತ್ ಪುಸ್ತಕಕ್ಕೆ ರಾಯಲ್ಟಿ ನಂಬಿ ಯಾರೂ ಮನೆ ಕಟ್ಟಿಲ್ಲ. ಬಂದರೂ ಹೋಟೆಲ್ಲಿನಲ್ಲಿ ಒಂದೂಟದಷ್ಟು.

ಹಾಗಾದ್ರೆ ಲೇಖಕರಿಗೆ ಸಿಗೋದೇನು?

ಓದುಗರು. ರೂತ್ ಫಿನೆಗನ್ ಅವರ ಕಥೆ ಕೇಳಿ. ಸಿಯೆರಾ ಲಿಯೋನ್‌ನ ಲಿಂಬಾ ಜನರ ನಡುವೆ ಇದ್ದು, ಅವರ ಕಥೆ ಹಾಡು ಕೇಳಿಸಿಕೊಂಡ ಮಾನವಶಾಸ್ತ್ರಜ್ಞೆ. ಆಫ್ರಿಕಾದ ಮೌಖಿಕ ಸಾಹಿತ್ಯದ ಬಗ್ಗೆ ಅವರು ಬರೆದ ದಪ್ಪ ಪುಸ್ತಕ 1970ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಆ ವಿಷಯಕ್ಕೆ ಅದೇ ಮೂಲ ಗ್ರಂಥ ಅನ್ನಿಸಿಕೊಂಡಿತು. ಆಮೇಲೆ ಪ್ರತಿಗಳು ಮುಗಿದವು. ಯಾವ ಜನರ ಬಾಯಲ್ಲಿ ಆ ಸಾಹಿತ್ಯ ಹುಟ್ಟಿತೋ ಆ ನಾಡುಗಳ ವಿದ್ಯಾರ್ಥಿಗಳಿಗೇ ಪುಸ್ತಕ ಸಿಗದ ಹಾಗಾಯಿತು.

2012ರಲ್ಲಿ ಅನ್‌ಗ್ಲೂ ಡಾಟ್ ಇಟ್ ಎಂಬ ಜಾಲತಾಣ ಆ ಪುಸ್ತಕಕ್ಕಾಗಿ ಜನರಿಂದ ಚಂದಾ ಎತ್ತಿತು. ಗುರಿ 7,500 ಡಾಲರ್. ಕೂಡಿಬಂತು. ಆ ತಾಣದಲ್ಲಿ ಹೀಗೆ ಬಿಡುಗಡೆಯಾದ ಮೊದಲ ಪುಸ್ತಕ ಅದೇ. ಹೊಸ ಆವೃತ್ತಿಯನ್ನು ಓಪನ್ ಬುಕ್‌ನವರು ತಂದರು. ಈಗ ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್‌ನಲ್ಲಿ ಕೂತವರೂ ಇಳಿಸಿಕೊಳ್ಳಬಹುದು, ಕಾರ್ಕಳದಲ್ಲಿ ಪಾಡ್ದನದ ಮೇಲೆ ಕೆಲಸ ಮಾಡುವವರೂ ಇಳಿಸಿಕೊಳ್ಳಬಹುದು. ಮೌಖಿಕ ಕಾವ್ಯ ಓದುವ ನಮ್ಮ ಹುಡುಗರಿಗೆ ನಾನು ಮೊದಲು ಕಳಿಸುವ ಲಿಂಕ್ ಇದೇ.

ಲೇಖಕರು ಪೇಪರ್‌ನಲ್ಲಿ, ರೇಡಿಯೋದಲ್ಲಿ ಬಂದರೆ ಪುಸ್ತಕ ಓಪನ್ ಆಗಿರೋದ್ರಿಂದ ಏನು ವ್ಯತ್ಯಾಸ?

ತುಂಬಾ ಇದೆ. ಪ್ರಕಾಶನಗಳು 'ಸುದ್ದಿಯಲ್ಲಿ ನಮ್ಮ ಲೇಖಕರು' ಅಂತ ಪಟ್ಟಿ ಹಾಕಿಕೊಳ್ಳುತ್ತವಲ್ಲ, ಅದು ಬರೀ ಬೆನ್ನು ತಟ್ಟಿಕೊಳ್ಳೋದು ಅಂತ ಮೊದಲು ನಾನೂ ಅಂದುಕೊಂಡಿದ್ದೆ.

ಮಧ್ಯಯುಗದ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವ ಕ್ಯಾಥ್ರಿನ್ ರೂಡಿ ಅಂತ ಇದ್ದಾರೆ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ. ಅವರಿಗೊಂದು ಯೋಚನೆ ಹೊಳೆಯಿತು. ಪ್ರಾರ್ಥನೆ ಪುಸ್ತಕದ ಯಾವ ಪುಟವನ್ನು ಜನ ಜಾಸ್ತಿ ತಿರುವುತ್ತಿದ್ದರು? ಮುಟ್ಟಿ ಮುಟ್ಟಿ ಕೊಳೆಯಾದ ಪುಟ ಹೇಳುತ್ತದೆ, ಅಲ್ವಾ? ಬಣ್ಣದ ಗಾಢತೆ ಅಳೆಯುವ ಡೆನ್ಸಿಟೋಮೀಟರ್ ಎಂಬ ಉಪಕರಣ ಹಿಡಿದು ಪುಟಪುಟದ ಮೂಲೆಯ ಕೊಳೆ ಅಳೆದರು. ಪ್ಲೇಗಿನಿಂದ ಕಾಪಾಡು ಅಂತ ಸಂತ ಸೆಬಾಸ್ಟಿಯನ್‌ಗೆ ಮಾಡುವ ಪ್ರಾರ್ಥನೆಯ ಪುಟ ಸವೆದು ಕಪ್ಪಾಗಿತ್ತು. ನಸುಕಿನ ಹೊತ್ತಿನ ಒಂದು ಪ್ರಾರ್ಥನೆಯಲ್ಲಿ ಮಾತ್ರ ಮೊದಲ ಕೆಲವು ಪುಟಗಳಷ್ಟೇ ಕೊಳೆ. ಓದುತ್ತಾ ಓದುತ್ತಾ ನಿದ್ದೆ ಹೋಗಿರಬೇಕು! ನಮ್ಮಜ್ಜಿಯ ಸ್ತೋತ್ರದ ಪುಸ್ತಕದಲ್ಲೂ ಎಣ್ಣೆ ಅರಿಶಿನ ಮೆತ್ತಿಕೊಂಡದ್ದು ಎರಡೇ ಪುಟಕ್ಕೆ. ಉಳಿದದ್ದು ಹೊಚ್ಚ ಹೊಸದು.

ಈ ಸುದ್ದಿ 2012ರಲ್ಲಿ ಹಲವು ದೇಶಗಳ ಪತ್ರಿಕೆಗಳಲ್ಲಿ ಬಂತು. ಅವರ ಪ್ರಬಂಧ 2010ರಲ್ಲೇ ಪ್ರಕಟವಾಗಿತ್ತು, ಅದೂ ಓಪನ್ ಆಕ್ಸೆಸ್ ಜರ್ನಲ್‌ನಲ್ಲಿ. ಹಾಗಾಗಿ ಪೇಪರ್ ಓದಿ ಕುತೂಹಲ ಹುಟ್ಟಿದವರು ಮೂಲ ಪ್ರಬಂಧವನ್ನೇ ತೆರೆದು ನೋಡಬಹುದಿತ್ತು. ನಾನೂ ಹಾಗೇ ಓದಿದ್ದು. ಬೇರೆ ಜರ್ನಲ್ ಆಗಿದ್ದರೆ? ಹೆಸರು ಹುಡುಕಿ, ಕ್ಲಿಕ್ ಮಾಡಿ, ಒಂದು ಪ್ರಬಂಧಕ್ಕೆ ನಲವತ್ತು ಡಾಲರ್ ಅಂತ ಕಂಡ ಕೂಡಲೇ ಮುಚ್ಚುತ್ತಿದ್ದೆ. ಸುದ್ದಿಯ ಬಿಸಿ ಇರುವುದು ಎರಡು ದಿನ. ಆ ಎರಡು ದಿನ ಪುಸ್ತಕ ಕೈಗೆ ಸಿಗಬೇಕು.

ರೂಡಿ ಅವರ ಕೆಲವು ಪುಸ್ತಕಗಳು ಆಮೇಲೆ ಓಪನ್ ಬುಕ್‌ನಿಂದ ಬಂದವು. 2019ರಲ್ಲಿ ಅವರು ಇನ್ನೊಮ್ಮೆ ಸುದ್ದಿಯಾದರು. ಸಂಶೋಧನೆಗೆ, ಚಿತ್ರಗಳಿಗೆ ತಮ್ಮ ಸ್ವಂತ ಜೇಬಿನಿಂದ ಎಷ್ಟು ಹೋಗುತ್ತದೆ ಅಂತ ಟೈಮ್ಸ್ ಹೈಯರ್ ಎಜುಕೇಶನ್‌ನಲ್ಲಿ ಬಿಚ್ಚಿಟ್ಟರು. ಪುಕ್ಕಟೆ ಪುಸ್ತಕದ ಹಿಂದೆಯೂ ಯಾರದ್ದೋ ಸಂಬಳ ಕರಗುತ್ತಿರುತ್ತದೆ.

ಪತ್ರಕರ್ತರು ಫೋನ್ ಮಾಡಿದರೆ ಏನು ಹೇಳಬೇಕು?

ಪುಸ್ತಕದ ಡಿಒಐ ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ. ಡಿಒಐ ಅಂದರೆ ತಾಣದ ವಿಳಾಸ ಬದಲಾದರೂ ಕೆಡದ ಕೊಂಡಿ. "ಪುಸ್ತಕ ಉಚಿತವಾಗಿ ಓದಲು ಸಿಗುತ್ತದೆ" ಅನ್ನುವ ಒಂದು ವಾಕ್ಯ ಸುದ್ದಿಯಲ್ಲಿ ಸೇರಿಸಿ ಅಂತ ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ಹಾಕುವುದಿಲ್ಲ. ನಿಮ್ಮ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತಲೂ ತಿಳಿಸಿ.

ಸಣ್ಣ ಪ್ರಕಾಶನದಲ್ಲಿ ದೊಡ್ಡವರು ಬರೀತಾರಾ?

ಬರೆದಿದ್ದಾರೆ. ಅಮರ್ತ್ಯ ಸೇನ್ ಸಂಪಾದಿಸಿದ ಶಾಂತಿ ಮತ್ತು ಪ್ರಜಾಪ್ರಭುತ್ವದ ಬಗೆಗಿನ ಪುಸ್ತಕವನ್ನು ಓಪನ್ ಬುಕ್‌ನವರು 2011ರಲ್ಲಿ ತಂದರು. ಬ್ರಿಟನ್ನಿನ ಮಾಜಿ ಪ್ರಧಾನಿ ಗಾರ್ಡನ್ ಬ್ರೌನ್ ಮಾನವ ಹಕ್ಕುಗಳ ಘೋಷಣೆ ಬಗ್ಗೆ ಸಂಪಾದಿಸಿದ್ದು 2016ರಲ್ಲಿ ಬಂತು.

ಪೀರ್ ರಿವ್ಯೂ ಇರುತ್ತಾ, ಇಲ್ಲಾ ಬಂದದ್ದೆಲ್ಲ ಅಚ್ಚಾಗುತ್ತಾ?

ಇರುತ್ತೆ. ಅಂದರೆ ಅದೇ ವಿಷಯ ಬಲ್ಲ ಬೇರೆ ವಿದ್ವಾಂಸರು ಮೊದಲು ಓದಿ ಪರಿಶೀಲಿಸುತ್ತಾರೆ. ಓಪನ್ ಅನ್ನುವುದು ಓದುವ ಬಾಗಿಲಿಗೆ, ಒಳಗೆ ಬರುವ ಬಾಗಿಲಿಗಲ್ಲ. ಅನುಮಾನ ಇದ್ದರೆ ಪುಸ್ತಕಕ್ಕೆ ಡಿಒಎಬಿ, ಜರ್ನಲ್‌ಗೆ ಡಿಒಎಜೆ ಎಂಬ ಓಪನ್ ಆಕ್ಸೆಸ್ ಪಟ್ಟಿಗಳಲ್ಲಿ ಹುಡುಕಿ. ಡಿಒಎಜೆ 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು.

"ಗೌರವಾನ್ವಿತ ಪ್ರೊಫೆಸರ್, ನಿಮ್ಮ ಅಮೂಲ್ಯ ಪ್ರಬಂಧ ಕಳಿಸಿ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ" ಅಂತ ಮೇಲ್ ಬಂದಿದೆ. ಕಳಿಸಲಾ?

ಬೇಡ. ನಾನು ಒಮ್ಮೆ ಬಿದ್ದಿದ್ದೇನೆ. ಎಷ್ಟೋ ವರ್ಷದ ಹಿಂದೆ ಶಾಸನಗಳ ಲಿಪಿ ಬಗ್ಗೆ ಒಂದು ಪ್ರಬಂಧ ಕಳಿಸಿದೆ. ನಾಲ್ಕನೇ ದಿನಕ್ಕೆ "ಪರಿಶೀಲಕರು ಬಹಳ ಮೆಚ್ಚಿದ್ದಾರೆ" ಅಂತ ಉತ್ತರ, ಜೊತೆಗೆ ಬಿಲ್ಲು. ಕಟ್ಟಿದೆ. ಪ್ರಕಟವಾದ ಮೇಲೆ ನೋಡಿದರೆ ಕನ್ನಡ ಅಕ್ಷರ ಇದ್ದ ಜಾಗದಲ್ಲೆಲ್ಲ ಚೌಕ ಚೌಕ ಡಬ್ಬಿಗಳು. ಲಿಪಿ ಬಗೆಗಿನ ಪ್ರಬಂಧದಲ್ಲಿ ಲಿಪಿಯೇ ಇಲ್ಲ! ಸರಿಪಡಿಸಿ ಅಂದರೆ ಅದಕ್ಕೆ ಬೇರೆ ರೇಟು. ಎರಡು ವರ್ಷಕ್ಕೆ ಆ ತಾಣವೇ ಮಾಯ.

ಇದು ಸಣ್ಣ ದಂಧೆಯಲ್ಲ. ಹೈದರಾಬಾದಿನ ಓಮಿಕ್ಸ್ ಎಂಬ ಜರ್ನಲ್ ಪ್ರಕಾಶನ ಸಮೂಹದ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತ್ತು. 2019ರಲ್ಲಿ ಅಲ್ಲಿನ ಕೋರ್ಟು 5 ಕೋಟಿ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶಿಸಿತು. ಇಂಥವರಿಂದಾಗಿ 'ಓಪನ್ ಆಕ್ಸೆಸ್' ಅಂದ ಕೂಡಲೇ ಆಯ್ಕೆ ಸಮಿತಿಯಲ್ಲಿ ಕೂತ ಹಿರಿಯರು ಮೂಗು ಮುರಿಯುತ್ತಾರೆ. ಲೇಖಕರಿಂದ ವಸೂಲಿ ಮಾಡುವ ಪದ್ಧತಿ ಬೆಳೆದಲ್ಲೇ ಈ ಕಳೆಯೂ ಬೆಳೆಯಿತು. ಲೇಖಕರಿಂದ ಏನೂ ಕೇಳದ ಜಾಗದಲ್ಲಿ ಮೋಸಗಾರನಿಗೆ ಏನು ಕೆಲಸ?

ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟರು ಅಂತ ಸುದ್ದಿ ಬರ್ತಿರುತ್ತಲ್ಲ, ಅದೇನು?

ಭಾಷಾಶಾಸ್ತ್ರದ ಲಿಂಗ್ವಾ ಜರ್ನಲ್‌ನಿಂದ ಹೇಳುತ್ತೇನೆ. ಪ್ರಕಾಶಕರು ಎಲ್ಸ್‌ವಿಯರ್. 2015ರಲ್ಲಿ ಸಂಪಾದಕರೆಲ್ಲ ಸೇರಿ, ಜರ್ನಲ್ ಓಪನ್ ಆಗಲಿ, ಲೇಖಕರ ಶುಲ್ಕ ಕಡಿಮೆ ಇರಲಿ ಅಂತ ಕೇಳಿದರು. ಒಪ್ಪಲಿಲ್ಲ. 6 ಸಂಪಾದಕರು, 31 ಮಂದಿ ಮಂಡಳಿಯವರು ಹೊರಬಂದರು. ಯೋಹಾನ್ ರೋರಿಕ್ ಮುಂದಾಳು. ಗ್ಲೋಸಾ ಅಂತ ಹೊಸ ಜರ್ನಲ್ ಶುರು ಮಾಡಿದರು. ಹೆಸರು ಹಳೇ ಕಂಪನಿಯ ಹತ್ತಿರ ಉಳಿಯಿತು, ಜನ ಹೊಸ ಕಡೆ ಹೋದರು.

2023ರ ಏಪ್ರಿಲ್‌ನಲ್ಲಿ ಮೆದುಳಿನ ಚಿತ್ರಣದ ಬಗೆಗಿನ ನ್ಯೂರೋಇಮೇಜ್ ಜರ್ನಲ್‌ನ 40ಕ್ಕೂ ಹೆಚ್ಚು ಸಂಪಾದಕರು ಹಾಗೇ ಮಾಡಿದರು. ಇಲ್ಲಿ ಒಂದು ತಿರುವು ನೋಡಿ. ಆ ಜರ್ನಲ್ ಆಗಲೇ ಓಪನ್ ಆಕ್ಸೆಸ್ ಆಗಿತ್ತು. ಜಗಳ ಪ್ರಬಂಧಕ್ಕೆ 3,450 ಡಾಲರ್ ಶುಲ್ಕದ ಮೇಲೆ.

ನನ್ನ ಪುಸ್ತಕವನ್ನು ಎಐ ಕಂಪನಿಗಳು ನುಂಗಿಬಿಟ್ಟರೆ?

ಓಪನ್ ಲೈಸೆನ್ಸ್ ಕೊಟ್ಟರೆ ಆ ದಾರಿ ತೆರೆದಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬೀಗ ಹಾಕಿದ ಪುಸ್ತಕ ಸೇಫ್ ಅಂದುಕೊಳ್ಳಬೇಡಿ. 2024ರಲ್ಲಿ ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ದೊಡ್ಡ ವಿದ್ವತ್ ಪ್ರಕಾಶನದ ಮಾತೃಸಂಸ್ಥೆ ಇನ್ಫಾರ್ಮಾ, ತನ್ನ ಬರಹಗಳನ್ನು ಎಐಗೆ ಬಳಸಲು ಬಿಟ್ಟು ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲ ಕಂತೇ 1 ಕೋಟಿ ಡಾಲರ್ ಆಸುಪಾಸು. ತಮಗೆ ತಿಳಿಸಲೇ ಇಲ್ಲ ಅಂತ ಲೇಖಕರು ಸಿಟ್ಟಾದದ್ದು ಸುದ್ದಿಯಾಯಿತು. ಕಾಪಿರೈಟ್ ಬರೆದುಕೊಟ್ಟ ಮೇಲೆ ಕೇಳುವವರು ಯಾರು? ಓಪನ್ ಬುಕ್‌ನಂಥ ಕಡೆ ಕಾಪಿರೈಟ್ ಲೇಖಕರ ಹತ್ತಿರವೇ ಇರುತ್ತದೆ. ಕರಾರು ಪತ್ರದಲ್ಲಿ ನಾನು ಮೊದಲು ನೋಡುವ ಸಾಲೇ ಅದು.

ನಮ್ಮ ದೇಶದಲ್ಲಿ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಂದಿದೆಯಲ್ಲ, ಇನ್ನು ಓಪನ್ ಯಾಕೆ?

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು, ಜರ್ನಲ್‌ಗಳಿಗೆ ಸರ್ಕಾರವೇ ಚಂದಾ ಕಟ್ಟುತ್ತದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಸರ್ಕಾರಿ ಸಂಸ್ಥೆಯಲ್ಲಿ ಓದುವವರಿಗೆ ಅನುಕೂಲ, ಇಲ್ಲ ಅನ್ನಲ್ಲ. ಆದರೆ ಇದು ಚಂದಾ, ಬಾಡಿಗೆ ಮನೆ ಇದ್ದ ಹಾಗೆ. ಕಾಲೇಜು ಬಿಟ್ಟ ದಿನ ಲಾಗಿನ್ ಹೋಗುತ್ತದೆ. ನನ್ನಂಥ ಸಂಸ್ಥೆ ಇಲ್ಲದವರಿಗೆ ಮೊದಲ ದಿನದಿಂದಲೇ ಇಲ್ಲ.

ಬೇರೆ ದಾರಿಯೂ ನಮ್ಮಲ್ಲೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನವರ ಪ್ರಬಂಧಗಳಿಗೆ ಮುಕ್ತ ಭಂಡಾರ ಮಾಡಿತು, ದೇಶದಲ್ಲಿ ಮೊದಲು. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ಗಳು ಅದರ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನನ್ನ ಮಗಳು ರೆಸೊನೆನ್ಸ್ ಪತ್ರಿಕೆಯ ಹಳೇ ಸಂಚಿಕೆಗಳನ್ನು ಫೋನಿನಲ್ಲೇ ಓದುತ್ತಾಳೆ.

ಕನ್ನಡದಲ್ಲಿ?

ಕಡಿಮೆ. ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟದ್ದು ದೊಡ್ಡ ಕೆಲಸ. ಆದರೆ ಹೊಸ ಸಂಶೋಧನಾ ಪುಸ್ತಕ ಬರುವ ದಿನವೇ ಲೈಸೆನ್ಸ್ ಸಮೇತ ಓಪನ್ ಆಗುವುದು ಇಲ್ಲಿ ಅಪರೂಪ. ನಾನು ತಿದ್ದಿದ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಈಗ ಲೇಖಕರ ಮನೆಯ ಅಟ್ಟದ ಮೇಲೆ ಕಟ್ಟು ಕಟ್ಟಾಗಿ ಕೂತಿವೆ.

ಓಪನ್ ಬುಕ್‌ನವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಜೊತೆ ಸೇರಿ ಸೆಮಿಟಿಕ್ (ಹೀಬ್ರೂ, ಅರಬ್ಬಿ, ಅರಮೇಯಿಕ್ ಇತ್ಯಾದಿ) ಭಾಷೆಗಳದ್ದೊಂದು ಮಾಲೆ ತರುತ್ತಾರೆ, ಜೆಫ್ರಿ ಖಾನ್ ನೇತೃತ್ವದಲ್ಲಿ. ಆಡುವವರು ಊರು ಬಿಟ್ಟು ಚದುರಿಹೋಗಿರುವ ಅರಮೇಯಿಕ್ ಉಪಭಾಷೆಗಳ ಮೇಲಿನ ಕೆಲಸವೂ ಅದರಲ್ಲಿದೆ. ಚದುರಿದ ಮನೆಗಳ ಮಕ್ಕಳು ಅಜ್ಜಂದಿರ ಮಾತಿನ ವ್ಯಾಕರಣವನ್ನು ಫೋನಿನಲ್ಲಿ ನೋಡಬಹುದು. ಬ್ಯಾರಿ, ಕೊರಗ, ಸೋಲಿಗ ಮಾತುಗಳ ಮೇಲೆ ಕೆಲಸ ಮಾಡುವವರು ಆ ಮಾಲೆಯನ್ನು ಒಮ್ಮೆ ತೆರೆದು ನೋಡಿ.

ನನಗೆ ಪರದೆ ಮೇಲೆ ಓದೋಕಾಗಲ್ಲ. ಪುಸ್ತಕ ಕೈಲಿ ಹಿಡೀಬೇಕು.

ನನಗೂ ಅಷ್ಟೆ. ಆರ್ಡರ್ ಬಂದಷ್ಟೇ ಪ್ರತಿ ಅಚ್ಚು ಹಾಕುವ ವ್ಯವಸ್ಥೆ ಅವರದ್ದು, ತರಿಸಬಹುದು. ಸಾಗಾಣಿಕೆ ಸೇರಿ ದುಬಾರಿಯಾದರೆ ಕಾಲೇಜು ಗೇಟಿನ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ.

ಝೆರಾಕ್ಸ್ ಅಂಗಡಿ ಅಂದರೆ ನೆನಪಾಯಿತು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೋಕಾಪಿ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂರೂ ಸೇರಿ ಕೇಸು ಹಾಕಿದ್ದವು. ಪಾಠದ ಅಧ್ಯಾಯಗಳನ್ನು ಕಟ್ಟಿ ಮಾರಿದ್ದಕ್ಕೆ. ಕೇಸು ಬೇಡ ಅಂತ 300ಕ್ಕೂ ಹೆಚ್ಚು ವಿದ್ವಾಂಸರು ಬರೆದರು. ಅಮರ್ತ್ಯ ಸೇನ್ ಕೂಡ ಬೇಡ ಅಂದರು. 2016ರಲ್ಲಿ ದೆಹಲಿ ಹೈಕೋರ್ಟಿನ ತೀರ್ಪು ಅಂಗಡಿಯ ಪರ ಬಂತು, ಮರುವರ್ಷ ಪ್ರಕಾಶಕರು ಕೇಸು ವಾಪಸ್ ತೆಗೆದುಕೊಂಡರು.

ಓಪನ್ ಲೈಸೆನ್ಸ್ ಇರುವ ಪುಸ್ತಕಕ್ಕೆ ಆ ತಲೆಬಿಸಿಯೇ ಇಲ್ಲ. ಮೊನ್ನೆ ಫಿನೆಗನ್ ಪುಸ್ತಕವನ್ನು ಹಾಗೇ ಮಾಡಿಸಿದೆ. ಎರಡೂ ಬದಿ ಪ್ರಿಂಟು, ನೀಲಿ ರಟ್ಟು, ಸ್ಪೈರಲ್. ಅಂಗಡಿಯ ಹುಡುಗ "ಸರ್, ಇಡೀ ಪುಸ್ತಕ ಮಾಡಿದ್ರೆ ಬೈತಾರೆ" ಅಂತ ಹಿಂಜರಿದ. ನಾಲ್ಕನೇ ಪುಟ ತೆಗೆದು ಲೈಸೆನ್ಸ್ ತೋರಿಸಿದೆ. ಓದಿ, "ಹಾಗಾದ್ರೆ ನಮ್ಮಕ್ಕಂಗೂ ಒಂದು ತೆಗೀಲಾ? ಅವಳು ಜಾನಪದ ಎಂಎ" ಅಂದ.